ಕೈ ತಾನಾಗಿ ಕುಣಿದರೆ ಮೊದಲು ಶುಗರ್ ನೋಡು



ಮಗಳೇ, ಅಜ್ಜಿ ಆಸ್ಪತ್ರೆಯಿಂದ ವಡೋದರಾದ ಮಕರಪುರದ ಮನೆಗೆ ಮರಳಿದ್ದು ತಿಳಿದು ಜೀವಕ್ಕೆ ಸಮಾಧಾನವಾಯಿತು. ಎಡಗೈ ಎರಡು ದಿನ ತನ್ನಷ್ಟಕ್ಕೆ ಹೊಯ್ದಾಡಿತು, ಬಸಿಯ ಚಹಾ ಮಡಿಲಿಗೆ ಚೆಲ್ಲಿತು, ನಿದ್ದೆ ಹತ್ತಿದಾಗ ಮಾತ್ರ ಕೈ ಸುಮ್ಮನಾಯಿತು ಎಂದು ಬರೆದಿದ್ದೀಯ. ಒಬ್ಬರು ಲಕ್ವ ಎಂದರಂತೆ, ಇನ್ನೊಬ್ಬರು ಮೈಮೇಲೆ ಬಂದಿದೆ ಎಂದರಂತೆ. ಶುಗರ್ ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಸಂಕಟವಾದದ್ದು ಅಲ್ಲೇ.

ಸಕ್ಕರೆ ಏರಿ ಕೈ ಹೀಗೆ ಕುಣಿಯುವುದು ಹೊಸ ಕಾಯಿಲೆಯಲ್ಲ. ಬೆಡ್‌ವೆಲ್ ಎಂಬ ವೈದ್ಯರು 1960ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಸಕ್ಕರೆ ವಿಪರೀತ ಏರಿ ಹಾಗೇ ನಿಂತರೆ, ಮೆದುಳಿನ ಆಳದಲ್ಲಿ ಚಲನೆಗೆ ಲಗಾಮು ಹಾಕುವ ಬೇಸಲ್ ಗ್ಯಾಂಗ್ಲಿಯಾ ಹಿಡಿತ ತಪ್ಪುತ್ತದೆ. ಬಲಭಾಗ ಕೆಟ್ಟರೆ ಎಡಗೈ, ಎಡಗಾಲು ಕುಣಿಯುತ್ತವೆ. ಏಷ್ಯಾದ ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚಾಗಿ ವರದಿಯಾಗಿದೆ. ಸಿಟಿ ಸ್ಕ್ಯಾನಿನಲ್ಲಿ ಆ ಜಾಗ ಬೆಳ್ಳಗೆ ಕಾಣುವುದರಿಂದ ರಕ್ತಸ್ರಾವ ಎಂದು ತಪ್ಪು ತಿಳಿಯುವುದೂ ಉಂಟು. ಇನ್ಸುಲಿನ್ ಕೊಟ್ಟು ಸಕ್ಕರೆ ಹತೋಟಿಗೆ ತಂದರೆ ಹೆಚ್ಚಿನವರ ಕೈ ದಿನಗಳಲ್ಲೋ ವಾರಗಳಲ್ಲೋ ಸುಧಾರಿಸುತ್ತದೆ. ಅನೇಕರಿಗೆ ಜೊತೆಗೆ ಚಲನೆ ತಗ್ಗಿಸುವ ಮಾತ್ರೆಯೂ ಬೇಕಾಗುತ್ತದೆ.

ನುಂಗುವ ವಿಷಯದಲ್ಲಿ ಇನ್ನೂ ಎಚ್ಚರವಿರಲಿ. ಈ ಕುಣಿತ ನಾಲಿಗೆ, ಮುಖಕ್ಕೂ ಹಬ್ಬಬಹುದು. ವರ್ಷಗಟ್ಟಲೆ ಏರಿದ ಸಕ್ಕರೆ ಅನ್ನನಾಳದ ನರಗಳನ್ನೂ ಸವೆಸುತ್ತದೆ. ನೀರು ಕುಡಿದೊಡನೆ ಕೆಮ್ಮು, ಉಂಡ ಮೇಲೆ ಗೊರಗೊರ ದನಿ ಬಂದರೆ ತುತ್ತು ಶ್ವಾಸನಾಳದ ಕಡೆ ಜಾರುತ್ತಿದೆ ಎಂದು ತಿಳಿ. ಅದರಿಂದ ನ್ಯುಮೋನಿಯಾ ಬರಬಹುದು. ನೆಟ್ಟಗೆ ಕೂರಿಸಿ ಸಣ್ಣ ಸಣ್ಣ ತುತ್ತು ಕೊಡು, ಉಂಡು ಅರ್ಧ ಗಂಟೆ ಮಲಗಿಸಬೇಡ. ಕೈ ಕುಣಿಯುವಾಗ ಅಥವಾ ಮಂಪರಿನಲ್ಲಿದ್ದಾಗ ಬಾಯಿಗೆ ನೀರು ಹನಿಸಲೇಬೇಡ. ನಮ್ಮವರ ಮೊದಲ ಉಪಚಾರವೇ ಅದು, ಎಷ್ಟೋ ಜೀವಕ್ಕೆ ಕುತ್ತು ತಂದದ್ದೂ ಅದೇ.

ನೀನು ಜಿಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಪಾಳಿ ಮುಗಿಸಿ ಬರುವವರೆಗೆ ಅಜ್ಜಿ ಒಬ್ಬರೇ. ಮಾತ್ರೆ ತಪ್ಪುವುದು ಆಗಲೇ. ನವರಾತ್ರಿಗೆ ಇಡೀ ವಡೋದರಾ ಗರ್ಬಾದಲ್ಲಿ ಮುಳುಗಿರುವಾಗ ಅಜ್ಜಿ ಉಪವಾಸ ಹಿಡಿದು ಔಷಧಿಯನ್ನೂ ಬಿಡುತ್ತಾರೆ. ಹಾಗೆ ಬಿಡಲೂಬಾರದು, ಊಟ ಬಿಟ್ಟು ಎಂದಿನ ಪ್ರಮಾಣವನ್ನೇ ತಗೊಳ್ಳಲೂಬಾರದು. ಸಕ್ಕರೆ ತೀರಾ ಇಳಿಯುವುದೂ ಅಷ್ಟೇ ಅಪಾಯ. ವ್ರತಕ್ಕೆ ಮುಂಚೆಯೇ ವೈದ್ಯರನ್ನು ಕೇಳು.

ಗ್ಲುಕೋಮೀಟರ್ ಈ ವಾರವೇ ತಂದಿಡು. ಮತ್ತೆ ಕೈ ಕುಣಿದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಯಾರ ಸಲಹೆಗೂ ಕಾಯದೆ 108ಕ್ಕೆ ಫೋನ್ ಮಾಡು. ಲಕ್ವವೇ ಆಗಿದ್ದರೂ ಹೊತ್ತು ಕಳೆಯುವಂತಿಲ್ಲ. ಆಸ್ಪತ್ರೆಯಲ್ಲಿ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ ಎಂಬುದನ್ನೇ ಮೊದಲು ಹೇಳು.