ಮೂಲೆಯಲ್ಲಿರುವ ತಾರೀಕು ನೋಡಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ತೋಟದ ಪಹಣಿ, ಬ್ಯಾಂಕಿನ ಲೆಕ್ಕ ಎಲ್ಲ ಮನೆಯ ಹಳೇ ಕಂಪ್ಯೂಟರಿನಲ್ಲೇ ನೋಡುವುದು. ತಿಂಗಳಿಂದ ಯಾವ ವೆಬ್‌ಸೈಟ್ ತೆರೆದರೂ ಕೆಂಪು ಎಚ್ಚರಿಕೆ. ಕೆಲವು ಸಲ 'ಯುವರ್ ಕ್ಲಾಕ್ ಈಸ್ ಬಿಹೈಂಡ್' ಎಂದೂ ಬರುತ್ತದೆ. ಮೊಬೈಲಿನಲ್ಲಿ ಏನೂ ತೊಂದರೆಯಿಲ್ಲ. 'ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ ಅತ್ತೆ, ಏನಾಗಲ್ಲ' ಅಂದ ಅಣ್ಣನ ಮಗ. ಹಾಗೇ ಮಾಡಿ ಒಂದು ಕಡೆ ಪಾಸ್‌ವರ್ಡ್ ಕೂಡ ಹಾಕಿಬಿಟ್ಟೆ. ಬ್ಯಾಂಕಿಗೂ ಅದೇ ಪಾಸ್‌ವರ್ಡ್. ಅಂದಿನಿಂದ ನಿದ್ದೆಯಿಲ್ಲ.
– ಓದುಗರು, ಅರಸೀಕೆರೆ

ಉತ್ತರ: ಮೇಡಂ, ಮೊದಲು ಪಾಸ್‌ವರ್ಡ್. ಈಗಲೇ ಮೊಬೈಲಿನಿಂದ ಎರಡೂ ಕಡೆ ಬದಲಿಸಿ, ಬೇರೆ ಬೇರೆ ಇಡಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ. ನಿಮಗೆ ಗೊತ್ತಿಲ್ಲದೆ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೋಗಿರಲಾರದು ಎಂದೇ ನನ್ನ ಅಂದಾಜು, ಯಾಕೆಂದು ಹೇಳುತ್ತೇನೆ.

ಮೊಬೈಲಿನಲ್ಲಿ ತೆರೆಯುವ ಸೈಟುಗಳೆಲ್ಲ ಕಂಪ್ಯೂಟರಿನಲ್ಲಿ ಒಟ್ಟಿಗೆ ಕೆಡುವುದಿಲ್ಲ. ಕೆಟ್ಟಿರುವುದು ಆ ಕಂಪ್ಯೂಟರೇ. ಪರದೆಯ ಕೆಳಗೆ ಬಲಮೂಲೆಯಲ್ಲಿ ತಾರೀಕು ನೋಡಿ, ಎಷ್ಟೋ ವರ್ಷ ಹಿಂದಿನದಿರಬಹುದು.

ನಿಮ್ಮೂರಿನ ಕೊಬ್ಬರಿ ಮಂಡಿಯ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯವರು ಮುದ್ರೆ ಒತ್ತುತ್ತಾರಲ್ಲ, ವೆಬ್‌ಸೈಟಿನ ಸರ್ಟಿಫಿಕೇಟೂ ಅಂಥದ್ದೇ. ಯಾವ ಸೈಟಿನದು, ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ ಎಂಬುದು ಅದರಲ್ಲಿರುತ್ತದೆ. ಬ್ರೌಸರ್ ಆ ದಿನಗಳನ್ನು ಕಂಪ್ಯೂಟರಿನ ಗಡಿಯಾರಕ್ಕೆ ಹೋಲಿಸುತ್ತದೆ. ಗಡಿಯಾರ 2010 ಎಂದು ತೋರಿಸಿದರೆ ಇವತ್ತಿನ ಸರ್ಟಿಫಿಕೇಟ್ ಅದರ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ.

ಕರೆಂಟ್ ಇಲ್ಲದಾಗ ಆ ಗಡಿಯಾರ ನಡೆಸುವುದು ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಸೆಲ್, ಸಾಮಾನ್ಯವಾಗಿ ಸಿಆರ್ 2032. ಹಳೇ ಯಂತ್ರಗಳಲ್ಲಿ ಅದು ಸತ್ತಿರುತ್ತದೆ. ಬಿ.ಎಚ್. ರಸ್ತೆಯ ಯಾವುದಾದರೂ ರಿಪೇರಿ ಅಂಗಡಿಯಲ್ಲಿ ಹಾಕಿಸಿ, ತಾರೀಕು, ವರ್ಷ ಎರಡನ್ನೂ ಸರಿಪಡಿಸಿ. ಆಮೇಲೂ ಎಚ್ಚರಿಕೆ ಬಂದರೆ ವಿಂಡೋಸ್ ತೀರ ಹಳೆಯದಿರಬಹುದು. 2021ರ ಸೆಪ್ಟೆಂಬರ್ 30ರಂದು ಸೈಟುಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಧರಿಸಿದ್ದ ಒಂದು ಮೂಲ ಸರ್ಟಿಫಿಕೇಟಿನ ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಎಷ್ಟೋ ಯಂತ್ರಗಳು ಸರಿಯಾದ ಸೈಟುಗಳನ್ನೂ ನಂಬದೆ ಹೋದವು. ಸರ್ಟಿಫಿಕೇಟಿನ ಗರಿಷ್ಠ ಅವಧಿ 2029ರ ಮಾರ್ಚ್‌ನಲ್ಲಿ 47 ದಿನಕ್ಕೆ ಇಳಿಯಲಿದೆ. ಗಡಿಯಾರ ಸ್ವಲ್ಪ ತಪ್ಪಿದರೂ ಆಗ ಕಷ್ಟ.

ಅಣ್ಣನ ಮಗನ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಈ ಸಲ ಕಾರಣ ಗಡಿಯಾರ. ಇನ್ನೊಂದು ಸಲ, ಎಲ್ಲೋ ಪುಕ್ಕಟೆ ವೈಫೈನಲ್ಲಿ, ನಿಮಗೂ ಬ್ಯಾಂಕಿಗೂ ನಡುವೆ ನಿಜಕ್ಕೂ ಯಾರೋ ಕೂತಿರಬಹುದು. ಆಗಲೂ ಬರುವುದು ಇಂಥದೇ ಕೆಂಪು ಪುಟ. ಪಾಸ್‌ವರ್ಡ್ ಕೇಳುವ ಕಡೆ ಅದನ್ನು ದಾಟಲೇಬೇಡಿ, ಯಾರು ಹೇಳಿದರೂ ಸರಿ.

ಸೆಲ್ ಹಾಕಿಸಿದ ಮೇಲೆ ಏನಾಯಿತೆಂದು ಒಂದು ಸಾಲು ಬರೆಯಿರಿ.