ಕಾಡು ಕಾಯುವವರ ಹಕ್ಕು



ಕಾಡು ಉಳಿಯಬೇಕೆಂಬ ಮಾತಿಗೆ ಇಂದು ಯಾರೂ ಎದುರಾಡುವುದಿಲ್ಲ. ಆದರೆ ಅದನ್ನು ಉಳಿಸುವವರು ಯಾರೆಂದು ಕೇಳಿದರೆ ನಾವು ತಟ್ಟನೆ ಸರಕಾರದ ಕಡೆಗೆ ಬೆರಳು ತೋರಿಸುತ್ತೇವೆ. ತಲೆತಲಾಂತರದಿಂದ ಕಾಡಿನೊಳಗೇ ಬಾಳಿದವರ ನೆನಪು ನಮಗಾಗುವುದಿಲ್ಲ. ನೆನಪಾದರೂ ಅವರನ್ನು ಕಾಡಿಗೆ ಕೇಡು ಬಗೆಯುವವರೆಂದೇ ಎಣಿಸುತ್ತೇವೆ. ಇದು ನ್ಯಾಯವೇ? ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ವಾಸಿಸುತ್ತಾರೆ. ಅವರ ನೆಲೆಗಳಿಗೆ ಪೋಡು ಎಂದು ಹೆಸರು. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಬೇಟೆಯೂ, ಜಾಗ ಬದಲಿಸುತ್ತಾ ಮಾಡುವ ಬೇಸಾಯವೂ ನಿಂತವು. ಅನೇಕ ಕುಟುಂಬಗಳನ್ನು ಒಳಕಾಡಿನಿಂದ ಎಬ್ಬಿಸಿ ಬೇರೆ ಕಡೆ ನೆಲೆಗೊಳಿಸಲಾಯಿತು. ಬಳಿಕ ಅವರ ಕೈಗೆ ಕಾಸು ತರುತ್ತಿದ್ದುದು ಮುಖ್ಯವಾಗಿ ಜೇನು, ನೆಲ್ಲಿಕಾಯಿ, ಕಲ್ಲುಹೂವು ಮತ್ತು ಕೂಲಿ. 2006ರಲ್ಲಿ ಕಾಡಿನಿಂದ ಅವುಗಳನ್ನು ತಂದು ಮಾರುವುದಕ್ಕೂ ನಿಷೇಧ ಬಂತು.

ಹೀಗೆ ಹೊರಗಿಡಲಾದವರ ಬಳಿ ಕಾಡಿನ ಬಗ್ಗೆ ದೊಡ್ಡ ಅರಿವಿತ್ತು. ತರಗೆಲೆ ಇನ್ನೂ ತೆಳುವಾಗಿರುವ ಕಾಲದಲ್ಲಿ ಅವರು ನೆಲಮಟ್ಟದ ಸಣ್ಣ ಬೆಂಕಿ ಹಾಕುತ್ತಿದ್ದರು. ಅದನ್ನು ತರಗುಬೆಂಕಿ ಎನ್ನುತ್ತಾರೆ. ಅದರಿಂದ ಹೊಸ ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರದ ರಸ ಹೀರುವ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು, ಲಂಟಾನ ಪೊದೆ ತಲೆಯೆತ್ತುತ್ತಿರಲಿಲ್ಲ ಎಂದು ಹಿರಿಯ ಸೋಲಿಗರು ಹೇಳುತ್ತಾರೆ. ಬೆಂಕಿ ಹಾಕುವುದು ಅಪರಾಧವೆನಿಸಿತು. ಮುಂದಿನ ದಶಕಗಳಲ್ಲಿ ಲಂಟಾನ ಆ ಕಾಡಿನ ಬಹುಭಾಗವನ್ನು ಆವರಿಸಿತು. ನೆಲ್ಲಿಮರಗಳಿಗೆ ಬಂದಳಿಕೆ ಹಬ್ಬಿತು. ಹಿರಿಯರ ಮಾತನ್ನು ಸಂಶೋಧಕರೂ ಈಗ ಗಂಭೀರವಾಗಿ ಪರಿಶೀಲಿಸಿದ್ದಾರೆ. ಓದುಬರಹ ಬಾರದವರೆಂದು ಅವರ ಮಾತನ್ನು ತಳ್ಳಿಹಾಕಿದ್ದರಿಂದ ನಷ್ಟವಾದದ್ದು ಕಾಡಿಗೇ.

2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾದಾಗ ಮತ್ತೆ ಎಬ್ಬಿಸಿಯಾರೆಂಬ ಭಯ ಹುಟ್ಟಿತು. ಸೋಲಿಗರು ಸಂಘಟಿತರಾಗಿ 2006ರ ಅರಣ್ಯ ಹಕ್ಕು ಕಾಯ್ದೆಯ ಮೊರೆಹೊಕ್ಕರು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ಕಾಯ್ದೆಯು ಕಾಡಿನ ಉತ್ಪನ್ನ ಸಂಗ್ರಹಿಸುವ ಹಕ್ಕನ್ನು ಒಪ್ಪುವುದರ ಜೊತೆಗೆ ಕಾಡನ್ನು ಕಾಯುವ ಅಧಿಕಾರವನ್ನೂ ಹೊಣೆಯನ್ನೂ ಗ್ರಾಮಸಭೆಗೆ ವಹಿಸುತ್ತದೆ.

ಇದರಲ್ಲಿ ನಮಗೇನು ಪಾಠ? ಅಜ್ಞಾನ ಕಾಲದ ಅರಬ್ ನಾಯಕರು ಒಳ್ಳೆಯ ಹುಲ್ಲುಗಾವಲನ್ನು ತಮಗೇ ಮೀಸಲಿಟ್ಟು ಇತರರನ್ನು ತಡೆಯುತ್ತಿದ್ದರು. ಇದಕ್ಕೆ ಹಿಮಾ ಎಂದು ಹೆಸರು. ಪ್ರವಾದಿಯವರು(ಸ) ಈ ಸ್ವಾರ್ಥದ ಪದ್ಧತಿಯನ್ನು ಅಳಿಸಿ, ಸಾರ್ವಜನಿಕ ಹಿತಕ್ಕಾಗಿ ಮಾತ್ರ ಹಿಮಾ ಇರಬಹುದೆಂದು ಕಲಿಸಿದರು. ಖಲೀಫಾ ಉಮರ್(ರ) ತಮ್ಮ ಕಾಲದ ಹಿಮಾದ ಕಾವಲುಗಾರನಿಗೆ ಕೊಟ್ಟ ಆಜ್ಞೆ ಬುಖಾರಿಯಲ್ಲಿ ದಾಖಲಾಗಿದೆ. ನಾಲ್ಕಾರು ಒಂಟೆ, ಕುರಿಗಳಿರುವ ಬಡವನನ್ನು ಒಳಗೆ ಬಿಡಬೇಕು. ಸಿರಿವಂತರಾದ ಇಬ್ನು ಔಫ್ ಮತ್ತು ಇಬ್ನು ಅಫ್ಫಾನ್‌ರ(ರ) ಜಾನುವಾರುಗಳ ಬಗ್ಗೆ ಎಚ್ಚರವಿರಬೇಕು. ಸಿರಿವಂತರಿಗೆ ತೋಟ, ಹೊಲಗಳಿವೆ. ಬಡವನಿಗೆ ಬೇರೆ ದಾರಿಯಿಲ್ಲ. ಅಂದರೆ ಸಂರಕ್ಷಣೆಯ ಹೆಸರಿನಲ್ಲಿ ಮೊದಲು ಹೊರಗೆ ನಿಲ್ಲಬೇಕಾದವನು ಬಡವನಲ್ಲ. ನಾವು ಕಾಡಿನ ಬೇಲಿಯನ್ನು ಯಾರಿಗಾಗಿ ತೆರೆಯುತ್ತೇವೆ, ಯಾರಿಗೆ ಮುಚ್ಚುತ್ತೇವೆ ಎಂದು ಯೋಚಿಸಿರಿ. ಪ್ರವಾಸಿಯ ಜೀಪು ಒಳಹೋಗುವ ಕಾಡಿನಲ್ಲಿ ಜೇನು ಬಿಡಿಸುವವನನ್ನು ಕಳ್ಳನೆಂದರೆ ಅದು ಎಂಥ ನ್ಯಾಯ?

ಸೋಲಿಗರು ದೊಡ್ಡ ಸಂಪಿಗೆ ಮರವನ್ನು ಪೂಜಿಸುತ್ತಾರೆ, ಕಾಡಿನ ನೂರಾರು ತಾಣಗಳನ್ನು ಪವಿತ್ರವೆನ್ನುತ್ತಾರೆ, ಅಂಥವರನ್ನು ನಾವು ಬೆಂಬಲಿಸುವುದು ಹೇಗೆ ಎಂದು ಕೆಲವರು ಕೇಳಬಹುದು. ನಮ್ಮ ತೌಹೀದ್ ನಮಗೆ ಸ್ಪಷ್ಟವಿದೆ. ಆದರೆ ನ್ಯಾಯ ಪಾಲಿಸಲು ಎದುರಿಗಿರುವವನ ಧರ್ಮ ಕೇಳಬೇಕೆಂದು ನಮ್ಮ ಧರ್ಮ ಕಲಿಸಿಲ್ಲ. ಮರ್ದಿತನ ಮೊರೆಗೂ ಅಲ್ಲಾಹನಿಗೂ ಮಧ್ಯೆ ಪರದೆಯಿಲ್ಲವೆಂಬುದನ್ನು ಬಲ್ಲವರು ನಾವು. ಭೂಮಿಯ ಮೇಲಿನ ನಮ್ಮ ಪ್ರಾತಿನಿಧ್ಯವು ಅಮಾನತ್ತು. ಆ ಹೊಣೆಯನ್ನು ನಮಗಿಂತ ಚೆನ್ನಾಗಿ ನಿಭಾಯಿಸಿದವರಿಂದ ಕಲಿಯುವುದರಲ್ಲಿ ನಾಚಿಕೆಯೇನಿಲ್ಲ.

ಆದುದರಿಂದ ಸಹೋದರ ಸಹೋದರಿಯರೇ, ನಮ್ಮಿಂದಾಗುವುದನ್ನು ಮಾಡೋಣ. ಕಾಡಿನ ಜೇನು ಕೊಳ್ಳುವಾಗ ಆದಿವಾಸಿಗಳ ಸಹಕಾರ ಸಂಘದಿಂದ ಕೊಳ್ಳೋಣ. ಬೆಲೆಗಾಗಿ ಚೌಕಾಸಿ ಮಾಡದಿರೋಣ. ಬೆಟ್ಟಕ್ಕೆ ಪ್ರವಾಸ ಹೋದರೆ ಪ್ಲಾಸ್ಟಿಕ್ ಎಸೆದು ಬರಬಾರದು, ಪೋಡಿನ ಹೆಣ್ಣುಮಕ್ಕಳ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಬಾರದು. ಅವರನ್ನು ಒತ್ತುವರಿದಾರರೆಂದು ಯಾರಾದರೂ ಜರೆದರೆ ಸುಮ್ಮನಿರದೆ ಗ್ರಾಮಸಭೆಯ ಹಕ್ಕಿನ ವಿಷಯ ತಿಳಿಸಿ ಹೇಳೋಣ. ನಮ್ಮ ಊರಿನ ಕಬರಸ್ಥಾನದ ಹಳೆಯ ಮರಕ್ಕೆ ಕೊಡಲಿ ಹಾಕುವ ಮುನ್ನ ಜಮಾಅತಿನವರು ಒಮ್ಮೆ ಕೂತು ಯೋಚಿಸಲಿ. ಮಕ್ಕಳಿಗೆ ಈ ಮಾತು ಮನೆಯಲ್ಲೇ ತಿಳಿಯಲಿ. ನೂರಾರು ವರ್ಷ ನಿಂತ ಮರವನ್ನು ಒಂದು ಗಳಿಗೆಯಲ್ಲಿ ಉರುಳಿಸಬಹುದು, ಆದರೆ ನೂರು ಜನ ಸೇರಿದರೂ ಅದನ್ನು ಮರಳಿ ನಿಲ್ಲಿಸಲಾರರು. ಅಮಾನತ್ತಿನ ಬಗ್ಗೆ ನಾಳೆ ನಮ್ಮನ್ನು ಖಂಡಿತ ಪ್ರಶ್ನಿಸಲಾಗುವುದು.