ಸಿನಿಮಾದಲ್ಲಿ ಕಂಡ ಲಂಡನ್ ನೋಡಲು ಬರುವವರಿಗೆ ಕಿವಿಮಾತು

1978ರ ‘ಸಿಂಗಾಪುರದಲ್ಲಿ ರಾಜಾಕುಳ್ಳ’ ವಿದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಸಿನಿಮಾ. ಅದನ್ನು ನೋಡಿ ಆ ದ್ವೀಪಕ್ಕೆ ಹೋಗಬೇಕೆಂದು ಆಸೆಪಟ್ಟವರ ಮೊಮ್ಮಕ್ಕಳು ಈಗ ಹ್ಯಾರಿ ಪಾಟರ್ ಹೆಸರು ಹೇಳಿಕೊಂಡು ಲಂಡನ್ನಿಗೆ ಬರುತ್ತಾರೆ. ಬೇಸಿಗೆ ರಜೆಗೆ ಹೊರಟಿರುವ ಊರಿನ ನೆಂಟರಿಗೆ ಇಲ್ಲೇ ತಲೆ ನರೆತ ನನ್ನಂಥವರು ಹೇಳಬಹುದಾದ್ದು ಇಷ್ಟು:

• ಒಂದು ದಿನಕ್ಕೆ ಒಂದು ದಿಕ್ಕು ಸಾಕು. ಕಿಂಗ್ಸ್ ಕ್ರಾಸ್, ಯೂಸ್ಟನ್ ಒಂದು ದಿನ. ಹ್ಯಾರಿ ಪಾಟರ್ ಚಿತ್ರಗಳಲ್ಲಿ ಬರುವ ಲೆಡನ್‌ಹಾಲ್ ಮಾರ್ಕೆಟ್, ಮಿಲೆನಿಯಂ ಸೇತುವೆ ಇನ್ನೊಂದು ದಿನ. ನಾಟಿಂಗ್ ಹಿಲ್ ಮತ್ತೊಂದು ದಿನ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ನೋಡುವುದು ಟ್ಯೂಬ್ ಎಂಬ ನೆಲದಡಿಯ ರೈಲಿನ ಸುರಂಗದ ಗೋಡೆಯನ್ನೇ.

• ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದಲ್ಲಿರುವ, ಹ್ಯಾರಿ ಪಾಟರ್ ಕಥೆಯ ‘ಒಂಬತ್ತೂ ಮುಕ್ಕಾಲನೆ’ ಪ್ಲಾಟ್‌ಫಾರ್ಮಿಗೆ ಬೆಳಿಗ್ಗೆ ಬೇಗ ಹೋಗಿ. ಹೊತ್ತೇರಿದಂತೆ ಸಾಲು ಬೆಳೆಯುತ್ತದೆ. ಇಟ್ಟಿಗೆ ಗೋಡೆಯೊಳಗೆ ಅರ್ಧ ಹೂತ ಟ್ರಾಲಿ ಹಿಡಿದು ಮಗು ನಿಂತರೆ, ಪಕ್ಕದ ಅಂಗಡಿಯ ಹುಡುಗರು ಅದರ ಕೊರಳಿಗೆ ಸ್ಕಾರ್ಫ್ ಸುತ್ತಿ, ತುದಿಯನ್ನು ಗಾಳಿಗೆ ಹಾರಿಸುತ್ತಾರೆ. ಆ ಗಳಿಗೆಯನ್ನು ನಿಮ್ಮ ಫೋನಿನಲ್ಲೇ ಹಿಡಿಯಿರಿ, ಅದಕ್ಕೆ ಕಾಸಿಲ್ಲ. ಅವರು ತೆಗೆದ ಫೋಟೊ ಬೇಕಾದರೆ ಮಾತ್ರ ದುಡ್ಡು. ಅಂದಹಾಗೆ, ಚಿತ್ರೀಕರಣ ನಡೆದದ್ದು 4 ಮತ್ತು 5ನೇ ಪ್ಲಾಟ್‌ಫಾರ್ಮುಗಳ ನಡುವೆ.

• ಬಿಬಿಸಿಯ ‘ಷರ್ಲಾಕ್’ ಧಾರಾವಾಹಿಯಲ್ಲಿ ಕಾಣುವ ಮನೆಬಾಗಿಲು ಹುಡುಕಿಕೊಂಡು ಬೇಕರ್ ಸ್ಟ್ರೀಟಿಗೆ ಹೋಗಬೇಡಿ. ಅದಿರುವುದು ಯೂಸ್ಟನ್ ಬಳಿಯ ನಾರ್ತ್ ಗೋವರ್ ಸ್ಟ್ರೀಟಿನಲ್ಲಿ. ಪಕ್ಕದ ಡ್ರಮಂಡ್ ಸ್ಟ್ರೀಟಿನಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ, ದೋಸೆಗೆ ಪರದಾಡಬೇಕಿಲ್ಲ.

• ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ (1995) ಶುರುವಾಗುವುದೇ ಟ್ರಫಾಲ್ಗರ್ ಸ್ಕ್ವೇರಿನಲ್ಲಿ ಅಮರೀಶ್ ಪುರಿ ಪಾರಿವಾಳಗಳಿಗೆ ಕಾಳು ಹಾಕುವುದರಿಂದ. ನೀವು ಹಾಕಬೇಡಿ, 2003ರಿಂದ ಅಲ್ಲಿ ಅದಕ್ಕೆ ನಿಷೇಧವಿದೆ.

• ‘ನಾಟಿಂಗ್ ಹಿಲ್’ (1999) ಚಿತ್ರದ ನೀಲಿ ಬಾಗಿಲಿರುವುದು ವೆಸ್ಟ್‌ಬೋರ್ನ್ ಪಾರ್ಕ್ ರಸ್ತೆಯ 280ನೇ ನಂಬರಿನಲ್ಲಿ. ಅದು ಸಂಸಾರಸ್ಥರ ಮನೆ. ಮೆಟ್ಟಿಲ ಮೇಲೆ ಕೂರುವುದು, ಬಾಗಿಲು ತಟ್ಟುವುದು, ಗಟ್ಟಿಯಾಗಿ ಕೂಗಾಡುವುದು ಬೇಡ. ನಮ್ಮ ಮನೆಯ ಜಗಲಿ ಮೇಲೆ ದಿನವೂ ಅಪರಿಚಿತರು ಕೂತರೆ ಸುಮ್ಮನಿರುತ್ತೇವೆಯೇ? ಪೋರ್ಟೊಬೆಲ್ಲೊ ಸಂತೆ ಬೇಕಿದ್ದರೆ ಶನಿವಾರ ಹೋಗಿ, ಬಾಗಿಲು ಸಾಕೆಂದರೆ ವಾರದ ನಡುವೆ.

• ಹ್ಯಾರಿ ಪಾಟರ್ ಸ್ಟುಡಿಯೊ ಲಂಡನ್ನಿನೊಳಗಿಲ್ಲ. ಊರಾಚೆ ವಾಟ್‌ಫರ್ಡ್ ಹತ್ತಿರದ ಲೀವ್ಸ್‌ಡನ್‌ನಲ್ಲಿದೆ. ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ. ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ಇದನ್ನೂ ಬುಕ್ ಮಾಡಿ. ಯೂಸ್ಟನ್‌ನಿಂದ ವಾಟ್‌ಫರ್ಡ್ ಜಂಕ್ಷನ್‌ಗೆ ರೈಲು, ಅಲ್ಲಿಂದ ಬಸ್ಸು. ಅರ್ಧ ದಿನ ಅದಕ್ಕೇ ಮೀಸಲಿಡಿ.

• ಟ್ಯೂಬ್, ಬಸ್ಸಿನಲ್ಲಿ ದುಡ್ಡು ಕೊಡಲು ಒಬ್ಬರಿಗೆ ಒಂದು ಕಾರ್ಡು. ಗಂಡ ಹೆಂಡತಿ ಒಂದೇ ಕಾರ್ಡನ್ನು ಗೇಟಿಗೆ ತೋರಿಸಿ ಒಟ್ಟಿಗೆ ಹೋಗಲಾಗದು. ಟ್ಯೂಬ್ ರೈಲಿನಲ್ಲಿ ಹತ್ತುವಾಗ, ಇಳಿದಾಗ ಎರಡೂ ಸಲ ಅದೇ ಕಾರ್ಡು ತಾಗಿಸಿ; ಬಸ್ಸಿನಲ್ಲಿ ಹತ್ತುವಾಗ ಮಾತ್ರ. 11 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್ ಪ್ರಯಾಣ ಪುಕ್ಕಟೆ.

• ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಬಸ್ಸೇ ವಾಸಿ. ಎಲ್ಲ ಟ್ಯೂಬ್ ನಿಲ್ದಾಣಗಳಲ್ಲೂ ಲಿಫ್ಟ್ ಇಲ್ಲ. ಒಂದು ಗಂಟೆಯೊಳಗೆ ಬಸ್ಸು ಬದಲಿಸಿದರೆ ಮತ್ತೆ ದುಡ್ಡು ಹಿಡಿಯುವುದಿಲ್ಲ.

• ರಸ್ತೆಯಂಚಿನಲ್ಲಿ ಮ್ಯಾಪ್ ನೋಡುತ್ತಾ ನಿಲ್ಲಬೇಡಿ. ಸೈಕಲ್ಲಿನಲ್ಲಿ ಬಂದು ಫೋನು ಕಿತ್ತುಕೊಂಡು ಹೋಗುವವರಿದ್ದಾರೆ. ಗೋಡೆ ಕಡೆ ಸರಿದು, ದಾರಿ ನೋಡಿಕೊಂಡು, ಫೋನು ಒಳಗಿಟ್ಟು ನಡೆಯಿರಿ.

• ಟೊಪ್ಪಿಯಿರುವ ಜಾಕೆಟ್ ಜೂನ್‌ನಲ್ಲೂ ಇರಲಿ. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ; ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲು. ಫೋಟೊದ ಹೊತ್ತನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

• ಪಾರ್ಲಿಮೆಂಟ್ ಕಡೆ ಬಂದವರು ಥೇಮ್ಸ್ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೂ ಹೋಗಿ. 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪುತ್ಥಳಿ ಅಲ್ಲಿದೆ.

ಕೊನೆಯದಾಗಿ, ಹೊರಡುವ ಮುನ್ನ ಆ ಸಿನಿಮಾಗಳನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಿ. ಕಥೆ ಗೊತ್ತಿಲ್ಲದ ಅಜ್ಜ ಅಜ್ಜಿಯರಿಗೆ ಇವೆಲ್ಲ ಬರೀ ಗೋಡೆ, ಬಾಗಿಲು, ಸೇತುವೆ. ಅವರನ್ನೂ ಕಥೆಯೊಳಗೆ ಸೇರಿಸಿಕೊಂಡೇ ಕರೆತನ್ನಿ.